ಹಳೇ ಕಾಲದ ಸಿನಿಮಾಗಳೆಲ್ಲ ಯಾಕೆ ಕಂದು ಬಣ್ಣ?

ನಾನು ಸಿನಿಮಾದ ಕಾಸ್ಟ್ಯೂಮ್ ವಿಭಾಗದಲ್ಲಿ ಕೆಲಸ ಮಾಡುತ್ತೇನೆ ಅಂತ ಗೊತ್ತಾದ ಕೂಡಲೇ ಬರುವ ಪ್ರಶ್ನೆ ಇದು. "ಹಿಂದಿನ ಕಾಲದ ಕಥೆ ಅಂದ್ರೆ ಸಾಕು, ಪರದೆ ತುಂಬಾ ಕಂದು ಬಣ್ಣ, ಧೂಳು, ಹೊಗೆ. ಆಗಿನ ಜನ ಬಣ್ಣಾನೇ ನೋಡಿರಲಿಲ್ವಾ?"

ನೋಡಿದ್ದರು, ಚೆನ್ನಾಗಿಯೇ ನೋಡಿದ್ದರು. ನೀಲಿ ಗಿಡದ ಎಲೆಯಿಂದ ತೆಗೆದ ನೀಲಿ, ಮಂಜಿಷ್ಠದ ಬೇರಿನ ಕೆಂಪು, ಕೊಚಿನಿಯಲ್ ಹುಳುವಿನಿಂದ ಬರುವ ಕಡುಗೆಂಪು, ಇವು ಯಾವುವೂ ಸಪ್ಪೆ ಬಣ್ಣಗಳಲ್ಲ. ಹೊಸದಾಗಿ ಅದ್ದಿ ಒಣಗಿಸಿದ ಬಟ್ಟೆ ಕಣ್ಣು ಕೋರೈಸುತ್ತದೆ. ಆದರೆ ಆಗ ಇಲ್ಲದೇ ಇದ್ದ ಬಣ್ಣಗಳೂ ಇದ್ದವು. 1856ರಲ್ಲಿ ವಿಲಿಯಂ ಪರ್ಕಿನ್ ಎಂಬ 18 ವರ್ಷದ ಹುಡುಗ ಮಲೇರಿಯಾಕ್ಕೆ ಕೊಡುವ ಕ್ವಿನೈನ್ ತಯಾರಿಸಲು ಹೋಗಿ, ಅಕಸ್ಮಾತ್ತಾಗಿ ಒಂದು ನೇರಳೆ ಬಣ್ಣ ಕಂಡುಹಿಡಿದ. ರಾಸಾಯನಿಕ ಬಣ್ಣಗಳ ವ್ಯಾಪಾರ ಶುರುವಾಗಿದ್ದು ಅಲ್ಲಿಂದ. ಹಾಗಾಗಿ ಅದಕ್ಕಿಂತ ಹಿಂದಿನ ಕಥೆಗೆ ಬಟ್ಟೆ ಆರಿಸುವಾಗ ನಾನು ಮೊದಲು ಪಕ್ಕಕ್ಕಿಡುವುದು ಈ ಕೆಮಿಕಲ್ ಹೊಳಪಿನ ಬಣ್ಣಗಳನ್ನು.

ಹಾಗಾದರೆ ಕಂದು ಎಲ್ಲಿಂದ ಬಂತು? ನನ್ನ ಪ್ರಕಾರ, ಆ ಕಾಲದಿಂದ ನಮ್ಮ ಕೈಗೆ ಉಳಿದು ಬಂದ ವಸ್ತುಗಳಿಂದ ಬಂತು. 19ನೇ ಶತಮಾನದಲ್ಲಿ ಮೊಟ್ಟೆಯ ಬಿಳಿ ಲೋಳೆ ಬಳಸಿ ಮುದ್ರಿಸುತ್ತಿದ್ದ ಫೋಟೋಗಳು ಮೊದಲೇ ಕಂದು, ವರ್ಷ ಕಳೆದಂತೆ ಇನ್ನೂ ಹಳದಿ. ಆಮೇಲೆ ಬಂದ ಸೆಪಿಯಾ ಟೋನಿಂಗ್ ಅಂದರೆ ಫೋಟೋಗೆ ಕಂದು ಛಾಯೆ ಕೊಡುವ ವಿಧಾನ, ಅದರಲ್ಲಿ ಚಿತ್ರದ ಬೆಳ್ಳಿ ಸಿಲ್ವರ್ ಸಲ್ಫೈಡ್ ಆಗುತ್ತದೆ. ಅದು ಬೇಗ ಮಾಸುವುದಿಲ್ಲ, ಅದಕ್ಕೇ ಅಂಥ ಫೋಟೋಗಳು ಇವತ್ತಿಗೂ ಉಳಿದಿವೆ. ಹಳೇ ಎಣ್ಣೆಬಣ್ಣದ ಚಿತ್ರಗಳದ್ದೂ ಇದೇ ಕಥೆ. ಮೇಲೆ ಬಳಿದ ವಾರ್ನಿಷ್ ಹಳದಿಗಟ್ಟುತ್ತದೆ, ನಾವು ಅದನ್ನೇ ಚಿತ್ರಕಾರನ ಬಣ್ಣ ಅಂದುಕೊಳ್ಳುತ್ತೇವೆ. ವ್ಯಾಟಿಕನ್‌ನ ಸಿಸ್ಟೀನ್ ಚಾಪೆಲ್‌ನ ಚಾವಣಿ, ಗೋಡೆಯ ಮೇಲೆ ಮೈಕೆಲಾಂಜೆಲೊ ಬರೆದ ಚಿತ್ರಗಳನ್ನು 1980ರಿಂದ 1994ರವರೆಗೆ ಶುಚಿ ಮಾಡಿದರು. ಶತಮಾನಗಳ ಮೇಣದಬತ್ತಿ ಮಸಿ ಹೋದ ಮೇಲೆ ಕೆಳಗಿನಿಂದ ಎದ್ದು ಬಂದ ಗುಲಾಬಿ, ಹಸಿರು, ಕಿತ್ತಳೆ ನೋಡಿ ಎಷ್ಟೋ ಜನಕ್ಕೆ ನಂಬಲಿಕ್ಕೇ ಆಗಲಿಲ್ಲ.

ಕಂದು ಮಾಡುವುದು ತಪ್ಪು ಅಂತ ನಾನು ಹೇಳುತ್ತಿಲ್ಲ. 2000ದಲ್ಲಿ ಬಂದ 'ಓ ಬ್ರದರ್, ವೇರ್ ಆರ್ಟ್ ದೌ?' 1930ರ ದಶಕದ ಅಮೆರಿಕದ ಮಿಸಿಸಿಪಿಯ ಕಥೆ. ಶೂಟಿಂಗ್ ನಡೆದಾಗ ಅಲ್ಲಿ ಎತ್ತ ನೋಡಿದರೂ ಹಸಿರು. ನಿರ್ದೇಶಕರಿಗೆ ಬೇಕಿದ್ದದ್ದು ಒಣಗಿದ, ಧೂಳಿನ ನೆಲ. ಛಾಯಾಗ್ರಾಹಕ ರೋಜರ್ ಡೀಕಿನ್ಸ್ ಇಡೀ ಚಿತ್ರವನ್ನು ಸ್ಕ್ಯಾನ್ ಮಾಡಿಸಿ, ಕಂಪ್ಯೂಟರಿನಲ್ಲಿ ಆ ಹಸಿರನ್ನು ಒಣಹುಲ್ಲಿನ ಬಣ್ಣಕ್ಕೆ ತಿರುಗಿಸಿದರು. ಅಲ್ಲಿ ಅದಕ್ಕೊಂದು ಕಾರಣವಿತ್ತು. ಕಾರಣವೇ ಇಲ್ಲದೆ, ಹಳೇ ಕಾಲ ಅಂತ ಗೊತ್ತಾಗಲಿ ಅಂತ ಸುಮ್ನೆ ಬಳಿದಾಗ ನನಗೆ ಸಂಕಟವಾಗುತ್ತದೆ. ವಾರಗಟ್ಟಲೆ ಕೂತು ಬಣ್ಣ ಹಾಕಿಸಿದ ಬಟ್ಟೆ ಪರದೆ ಮೇಲೆ ಗೋಡೆಯ ಬಣ್ಣವೇ ಆಗಿಬಿಡುತ್ತದೆ.

ನನ್ನನ್ನು ಕೇಳಿದರೆ, ಒಂದು ಕಾಲವನ್ನು ನಂಬಿಸುವುದು ಬೆಳಕು. ಯಾವುದೇ ಪೀರಿಯಡ್ ಸಿನಿಮಾ ನೋಡುವಾಗ ನಾನು ಮೊದಲು ಹುಡುಕುವುದು, ಈ ಕೋಣೆಗೆ ಬೆಳಕು ಎಲ್ಲಿಂದ ಬರುತ್ತಿದೆ ಅಂತ. ವಿದ್ಯುತ್ ಬರುವ ಮುಂಚೆ ಬೆಳಕಿಗೆ ಒಂದು ಜಾಗ ಇತ್ತು. ಕಿಟಕಿ, ಒಲೆ, ದೀಪ, ಅಷ್ಟೇ. ಓದುವವರು ಕಿಟಕಿ ಹತ್ತಿರ ಹೋಗುತ್ತಿದ್ದರು. ರಾತ್ರಿ ಎಲ್ಲರೂ ದೀಪದ ಸುತ್ತ ಸೇರುತ್ತಿದ್ದರು. ಚಿನ್ನದ ಎಳೆ ನೇಯ್ದ ಬಟ್ಟೆಯ ಗುಟ್ಟೂ ನನಗೆ ತಿಳಿದಿದ್ದು ಹೀಗೆಯೇ. ಟ್ರಯಲ್ ರೂಮಿನ ಟ್ಯೂಬ್‌ಲೈಟಿನಲ್ಲಿ ಅದು ಜಾಸ್ತಿ ಆಯ್ತು ಅನ್ನಿಸುತ್ತಿತ್ತು. ಒಂದು ಸಂಜೆ ಲೈಟ್ ಆರಿಸಿ, ಮೇಜಿನ ಮೇಲೆ ಒಂದೇ ಮೇಣದಬತ್ತಿ ಹಚ್ಚಿ, ಅದೇ ಬಟ್ಟೆ ಹಿಡಿದು ನೋಡಿದೆ. ಬಟ್ಟೆ ಕತ್ತಲಲ್ಲಿ ಕರಗಿಹೋಯಿತು. ಅಂಚಿನ ಚಿನ್ನ ಮಾತ್ರ ಉಳಿಯಿತು. ಕೈ ಅಲುಗಿದಾಗೆಲ್ಲ ಬೆಳಕು ಅಂಚಿನ ಉದ್ದಕ್ಕೂ ಓಡುತ್ತಿತ್ತು. ಆ ಬಟ್ಟೆ ಇಂಥ ಕೋಣೆಗೆಂದೇ ಹುಟ್ಟಿದ್ದು ಅನ್ನಿಸಿತು.

ಈ ಬೆಳಕನ್ನು ಕ್ಯಾಮೆರಾದಲ್ಲಿ ಹಿಡಿಯುವುದು ಸುಲಭ ಅಲ್ಲ. 1975ರ 'ಬ್ಯಾರಿ ಲಿಂಡನ್' 18ನೇ ಶತಮಾನದ ಕಥೆ. ಅದರ ರಾತ್ರಿಯ ದೃಶ್ಯಗಳನ್ನು ಮೇಣದಬತ್ತಿಯ ಬೆಳಕಿನಲ್ಲೇ ತೆಗೆಯಬೇಕು ಅಂತ ನಿರ್ದೇಶಕ ಸ್ಟಾನ್ಲಿ ಕುಬ್ರಿಕ್ ಹಟ ಹಿಡಿದರು. ಅದಕ್ಕೆ ಬಳಸಿದ್ದು ನಾಸಾಗಾಗಿ ಜೈಸ್ ಕಂಪನಿ ಮಾಡಿದ್ದ 50 ಮಿಲಿಮೀಟರ್ ಲೆನ್ಸ್. ಅದರ ಅಪರ್ಚರ್, ಅಂದರೆ ಬೆಳಕು ಒಳಗೆ ಬರುವ ಬಾಯಿ, ಎಫ್ 0.7. ಈ ಸಂಖ್ಯೆ ಚಿಕ್ಕದಾದಷ್ಟೂ ಬಾಯಿ ಅಗಲ. ಅದು ಕೂರುವಂತೆ ಕ್ಯಾಮೆರಾವನ್ನೇ ಮಾರ್ಪಡಿಸಬೇಕಾಯಿತು. ಮೂರು ಬತ್ತಿ ಇರುವ ಮೇಣದಬತ್ತಿಗಳನ್ನು ಉರಿಸಿದರು. ಇಷ್ಟು ಬಾಯಿ ತೆರೆದ ಲೆನ್ಸ್‌ನಲ್ಲಿ ಫೋಕಸ್ ನಿಲ್ಲುವ ಜಾಗ ತೀರಾ ಕಮ್ಮಿ. ನಟ ಸ್ವಲ್ಪ ಮುಂದಕ್ಕೆ ಬಾಗಿದರೂ ಮುಖ ಮಸುಕು. ಹಾಗಾಗಿ ಆ ದೃಶ್ಯಗಳಲ್ಲಿ ಜನ ಹೆಚ್ಚು ಅಲುಗದೆ ಕೂತಿರುತ್ತಾರೆ. ನಮಗೆ ಅದು ಆ ಕಾಲದ ಚಿತ್ರಪಟದ ಹಾಗೆ ಕಾಣುತ್ತದೆ. ಇಡೀ ಸಿನಿಮಾದಲ್ಲಿ ಒಂದೂ ಕರೆಂಟ್ ದೀಪ ಇಲ್ಲ ಅನ್ನುವ ಮಾತು ಮಾತ್ರ ಸರಿಯಲ್ಲ. ಹಗಲಿನ ದೃಶ್ಯಗಳಿಗೆ ಛಾಯಾಗ್ರಾಹಕ ಜಾನ್ ಆಲ್ಕಾಟ್ ಕಿಟಕಿಯ ಆಚೆಯಿಂದ ದೊಡ್ಡ ಲೈಟ್ ಹಾಕಿಸಿದ್ದರು. ಅದರಿಂದ ನನಗೇನೂ ಬೇಸರ ಇಲ್ಲ. ಬೆಳಕು ಬಂದದ್ದು ಕಿಟಕಿಯಿಂದಲೇ ಅಲ್ವಾ?

ಬಟ್ಟೆಯ ವಿಷಯಕ್ಕೂ ಒಂದು ಮಾತು. ಬಣ್ಣ ಸರಿ ಇದ್ದು, ಬೆಳಕೂ ಸರಿ ಇದ್ದು, ಆದರೂ ಎಲ್ಲ ನಿನ್ನೆ ಹೊಲಿದ ಹಾಗೆ ಕಂಡರೆ ಸಿನಿಮಾ ಕೈಕೊಡುತ್ತದೆ. ಬಟ್ಟೆಯನ್ನು ಹಳತು ಮಾಡುವುದನ್ನು ನಾವು ಏಜಿಂಗ್ ಅನ್ನುತ್ತೇವೆ. ಒಂದು ಕೋಟು ತಗೊಳ್ಳಿ. ಎಲ್ಲ ಕಡೆ ಒಂದೇ ಸಮ ಕೊಳೆ ಮಾಡಿದರೆ ಅದು ಹಳೇ ಕೋಟು ಆಗುವುದಿಲ್ಲ, ಕೊಳೆ ಕೋಟು ಆಗುತ್ತದೆ. ಮೊಣಕೈ, ತೋಳಿನ ಅಂಚು, ಕೈ ಪದೇ ಪದೇ ಹೋಗುವ ಜೇಬಿನ ಬಾಯಿ, ಇಲ್ಲಿ ಮಾತ್ರ ಸ್ಯಾಂಡ್ ಪೇಪರ್ ಹಿಡಿದು ಉಜ್ಜುತ್ತೇನೆ. ಕಂಕುಳ ಕೆಳಗೆ ಬಣ್ಣ ಹೊಸದಾಗೇ ಉಳಿಯಬೇಕು, ಬಿಸಿಲು ಅಲ್ಲಿಗೆ ಹೋಗುವುದಿಲ್ಲ. ಜೇಬಿಗೆ ಕಲ್ಲು ತುಂಬಿ, ನೀರು ಚಿಮುಕಿಸಿ, ರಾತ್ರಿಯಿಡೀ ನೇತುಹಾಕುತ್ತೇನೆ. ಬೆಳಗ್ಗೆ ಜೇಬು ಜೋತುಬಿದ್ದಿರುತ್ತದೆ. ಬಲಗೈ ಮನುಷ್ಯನಾದರೆ ಬಲಗಡೆ ಜಾಸ್ತಿ.

ಇನ್ನು, ಇವತ್ತಿಗೂ ನಾನು ಮತ್ತೆ ಮತ್ತೆ ನೋಡುವ ಬೆಳಕು ಅಂದರೆ ಸತ್ಯಜಿತ್ ರಾಯ್ ಅವರ 1956ರ 'ಅಪರಾಜಿತೋ'ದ್ದು. ಕಥೆ ಶುರುವಾಗುವುದು 1920ರ ಬನಾರಸ್‌ನಲ್ಲಿ. ಮನೆಯ ಸೆಟ್ಟನ್ನು ಬಯಲಲ್ಲಿ ಹಾಕಬೇಕು ಅಂತಿತ್ತು, ಮಳೆಗಾಲದ ಭಯಕ್ಕೆ ಕಲಾ ನಿರ್ದೇಶಕ ಬನ್ಸಿ ಚಂದ್ರಗುಪ್ತ ಅದನ್ನು ಸ್ಟುಡಿಯೋ ಒಳಗೆ ಕಟ್ಟಬೇಕಾಯಿತು. ಅಂಥ ಮನೆಯಲ್ಲಿ ನಡುಅಂಗಳಕ್ಕೆ ಮೇಲಿನಿಂದ ಆಕಾಶದ ಬೆಳಕು ಬೀಳುತ್ತದೆ, ಅದಕ್ಕೆ ಗಟ್ಟಿ ನೆರಳಿರುವುದಿಲ್ಲ. ಸ್ಟುಡಿಯೋ ಲೈಟ್ ಹಾಕಿದರೆ ಒಬ್ಬೊಬ್ಬರಿಗೂ ಮೂರು ಮೂರು ನೆರಳು. ಛಾಯಾಗ್ರಾಹಕ ಸುಬ್ರತ ಮಿತ್ರ ಅಂಗಳದ ಮೇಲೆ ಬಿಳಿ ಬಟ್ಟೆ ಬಿಗಿದು ಕಟ್ಟಿಸಿದರು. ಲೈಟುಗಳನ್ನು ಕೆಳಗಿಟ್ಟು ಮೇಲಕ್ಕೆ ತಿರುಗಿಸಿದರು. ಬಟ್ಟೆಗೆ ಬಡಿದು ವಾಪಸ್ ಬಂದ ಬೆಳಕು ಆಕಾಶದ ಬೆಳಕಾಯಿತು. ಸಿನಿಮಾ ಕಪ್ಪು ಬಿಳುಪು, ಒಂದು ಚೂರೂ ಕಂದು ಇಲ್ಲ. ಆ ಅಂಗಳ ನೋಡಿದಾಗೆಲ್ಲ ನನಗೆ ಮೇಲೆ ಆಕಾಶ ಇದೆ ಅಂತಲೇ ಅನ್ನಿಸುತ್ತದೆ, ಅಲ್ಲಿರುವುದು ಬಟ್ಟೆ ಅಂತ ಗೊತ್ತಿದ್ದೂ.