ಮತ್ತೆ ರಬ್ಬರ್ ಬಿಲ್ಲಿಗೆ

ಕಲಿಕೆಯ ಮೂರು ಹಂತ ಹೇಳುವ ಶು-ಹಾ-ರಿ ಅನ್ನುವ ಜಪಾನಿ ಮಾತು ನನಗೆ ಮೊದಲು ಸಿಕ್ಕಿದ್ದು ಬೆಂಗಳೂರಿನ ಆಫೀಸಿನ ಒಂದು ಸ್ಲೈಡ್‌ನಲ್ಲಿ. ಅಜೈಲ್ ಅನ್ನುವ ಸಾಫ್ಟ್‌ವೇರ್ ಕೆಲಸದ ರೀತಿ ಕಲಿಸುವವರಿಗೆ ಇದು ಬಹಳ ಇಷ್ಟ. ಶು ಅಂದರೆ ಹೇಳಿಕೊಟ್ಟದ್ದನ್ನು ಹಾಗೇ ಪಾಲಿಸು, ಹಾ ಅಂದರೆ ಮುರಿ, ರಿ ಅಂದರೆ ಬಿಟ್ಟು ಹೊರಡು. ಎರಡು ನಿಮಿಷದಲ್ಲಿ ಮುಗಿಯಿತು.

ಟೋಕಿಯೋಗೆ ಬಂದ ಮೇಲೆ ಮನೆ ಹತ್ತಿರ ಕ್ಯೂದೋ, ಅಂದರೆ ಬಿಲ್ವಿದ್ಯೆ, ಕಲಿಯಲು ಸೇರಿದೆ. ಎರಡು ತಿಂಗಳು ಬಿಲ್ಲೇ ಕೊಡಲಿಲ್ಲ. ಕೊಟ್ಟಿದ್ದು ಗೋಮುಯುಮಿ. ಚಿಕ್ಕ ಹಿಡಿಗೆ ರಬ್ಬರ್ ಕಟ್ಟಿದ್ದು, ಅಷ್ಟೇ. ಕಾಲು ಊರುವುದರಿಂದ ಹಿಡಿದು ಬಾಣ ಬಿಟ್ಟು ಸುಮ್ಮನೆ ನಿಲ್ಲುವ ತನಕ ಒಟ್ಟು ಎಂಟು ಹಂತ. ಸ್ಲೇಟಿನ ಮೇಲೆ ಅ, ಆ ತಿದ್ದಿದ ಹಾಗೆ ಅದನ್ನೇ ತಿದ್ದಿದ್ದು. ಆಮೇಲೆ ನನಗಿಂತ ಎತ್ತರದ ನಿಜವಾದ ಬಿಲ್ಲು ಬಂತು. ಅದರಲ್ಲೂ ಮೊದಲು ಒಣಹುಲ್ಲಿನ ಪೆಂಡಿಗೆ ಹತ್ತಿರದಿಂದ ಹೊಡೆಯುವುದೇ.

ಕೊನೆಗೊಂದು ಶನಿವಾರ ಗುರಿಯ ಮುಂದೆ ನಿಲ್ಲಿಸಿದರು. 28 ಮೀಟರ್ ದೂರ, 36 ಸೆಂಟಿಮೀಟರ್ ಅಗಲ. ನನ್ನ ಕಣ್ಣಿಗೆ ಇಡ್ಲಿಯಷ್ಟು ಕಂಡಿತು.

ಹೆದೆ ಪೂರ್ತಿ ಎಳೆದ ಮೇಲೆ ಬರುವ ಆರನೇ ಹಂತದ ಹೆಸರು 'ಕಾಯ್'. ಜಪಾನಿಯಲ್ಲಿ ಅರ್ಥ ಬೇರೆ, ಆದರೆ ಅಲ್ಲಿ ಮಾಡಬೇಕಾದ್ದು ಮಾತ್ರ ನಮ್ಮ ಕನ್ನಡದ ಕಾಯ್! ನಾನು ಕಾಯಲಿಲ್ಲ. ಚೆನ್ನಾಗಿ ಕಾಣಲಿ ಅಂತ ಕುತ್ತಿಗೆ ಸ್ವಲ್ಪ ಮುಂದೆ ಚಾಚಿದೆ, ಬೆರಳು ಬಿಡಿಸಿದೆ. ಹೆದೆ ಕಿವಿಗೆ ಪಟಾರ್ ಅಂತ ಬಡಿಯಿತು. ಬಾಣ ಅರ್ಧ ದಾರಿಯಲ್ಲೇ ಹುಲ್ಲಿನಲ್ಲಿ ಮಲಗಿತು.

ಸೆನ್ಸೈ, ಅಂದರೆ ನಮ್ಮ ಗುರುಗಳು, ಬೈಯಲಿಲ್ಲ. ಒಳಗೆ ಹೋಗಿ ಎರಡು ಗೋಮುಯುಮಿ ತಂದರು. ಒಂದು ನನಗೆ, ಇನ್ನೊಂದು ಅವರಿಗೇ. ಎಪ್ಪತ್ತು ದಾಟಿದ ಮನುಷ್ಯ ನನ್ನ ಪಕ್ಕದಲ್ಲೇ ನಿಂತು ಮೊದಲ ಹಂತದಿಂದ ಶುರು ಮಾಡಿದರು. ನಾನಾದರೋ ಕೆಲವೇ ತಿಂಗಳಿಗೆ 'ಹಾ'ಗೆ ಹಾರಿದ್ದೆ.

ಚಹಾ ಕುಡಿಯುವಾಗ ಗೋಡೆಯ ಮೇಲೆ ಎಂಟು ಹಂತಗಳ ಪಟ ನೋಡಿದೆ. ಏಳನೇ ಹಂತ ಹನಾರೆ, ಬಾಣ ಬಿಡುವುದು. ಅದರ ಕಾಂಜಿಯೂ, ಅಂದರೆ ಜಪಾನಿಯಲ್ಲಿ ಬಳಸುವ ಚೀನೀ ಮೂಲದ ಅಕ್ಷರವೂ, ಶು-ಹಾ-ರಿಯ 'ರಿ'ಯೂ ಒಂದೇ! ಕೇಳಿದ್ದಕ್ಕೆ ಸೆನ್ಸೈ ಚಹಾ ಗುರು ಸೆನ್ ನೋ ರಿಕ್ಯೂ ಹೆಸರಿನಲ್ಲಿ ಬಂದಿರುವ ಒಂದು ಪದ್ಯ ಹೇಳಿದರು. ಪೂರ್ತಿ ಪಾಲಿಸಿದ ಮೇಲೆ ಮುರಿದರೂ, ಬಿಟ್ಟು ಹೊರಟರೂ ಮೂಲ ಮರೆಯಬೇಡ ಅಂತ ಅದರ ಅರ್ಥ. ಆಮೇಲೆ ನನ್ನ ಬಲಗೈ ತೋರಿಸಿ, "ನೀವು ಬೆರಳು ಬಿಡಿಸಿದಿರಿ. ಎಳೆತ ತುಂಬಿದರೆ ಹೆದೆ ತಾನೇ ಬಿಟ್ಟುಕೊಳ್ಳುತ್ತೆ" ಅಂದರು. ಆ ಸ್ಲೈಡ್‌ನಲ್ಲಿ ಇದಿರಲಿಲ್ಲ.

ರಾತ್ರಿ ವಿಡಿಯೋ ಕಾಲ್‌ನಲ್ಲಿ ಅಮ್ಮ ಕೆಂಪಗೆ ಊದಿದ ಕಿವಿ ನೋಡಿದರು.

"ಏನೋ, ಈ ವಯಸ್ಸಲ್ಲೂ ಮೇಷ್ಟ್ರು ಕಿವಿ ಹಿಂಡಿದ್ರಾ?"