ಆರ್ಡರ್ ಆ್ಯಪ್ ಮಾಡುವ ಮೊದಲು ಕ್ಯಾಪ್ಟನ್ನಿನ ಕೈ ನೋಡಿ

ಮುಂಬೈಯ ಉಡುಪಿ ಹೋಟೆಲಿಗೆ ಆರ್ಡರ್ ಆ್ಯಪ್ ಬೇಕೆಂದು ಫೋನ್ ಮಾಡುವವರು ಸೇಠ್, ಅಂದರೆ ಮಾಲೀಕರು. ದುಡ್ಡು ಕೊಡುವವರೂ ಅವರೇ. ಆದರೆ ಮಧ್ಯಾಹ್ನ ಒಂದು ಗಂಟೆಯ ರಶ್ಶಿನಲ್ಲಿ ಅದನ್ನು ಒತ್ತುತ್ತಾ ನಿಲ್ಲಬೇಕಾದವರು ಕ್ಯಾಪ್ಟನ್, ಅಂದರೆ ಟೇಬಲಿಗೆ ಬಂದು ಆರ್ಡರ್ ಬರೆದುಕೊಳ್ಳುವವರು. ಸೇಠ್‌ಗೆ ಬೇಕಾದದ್ದು ರಾತ್ರಿಯ ಲೆಕ್ಕ, ಸೋರಿಕೆಯಿಲ್ಲದ ಬಿಲ್ಲು. ಕ್ಯಾಪ್ಟನ್ನಿಗೆ ಬೇಕಾದದ್ದು ಗಿರಾಕಿಯ ಮುಖದಿಂದ ಕಣ್ಣು ತೆಗೆಯದೆ ಆರ್ಡರ್ ಮುಗಿಸಿ ಮುಂದಿನ ಟೇಬಲಿಗೆ ಹೋಗುವುದು. ಗಲ್ಲಾದ ಕೆಳಗೆ ಧೂಳು ಹಿಡಿದು ಬಿದ್ದಿರುವ ಟ್ಯಾಬುಗಳು ಹೆಚ್ಚಾಗಿ ಸೇಠ್ ಒಬ್ಬರನ್ನೇ ಕೇಳಿ ಮಾಡಿದ ಆ್ಯಪಿನವು.

ನಿಮ್ಮ ಆ್ಯಪಿಗೆ ಪೈಪೋಟಿ ಕೊಡುವುದು ಜೇಬಿನಲ್ಲಿರುವ ಕೆಒಟಿ ಪ್ಯಾಡ್, ಅಡುಗೆಮನೆಗೆ ಆರ್ಡರ್ ಬರೆದು ಕೊಡುವ ಚೀಟಿಪುಸ್ತಕ. ಅದಕ್ಕೆ ಚಾರ್ಜ್ ಬೇಡ, ನೆಟ್ ಬೇಡ, ನೆಲಕ್ಕೆ ಬಿದ್ದರೂ ಒಡೆಯುವುದಿಲ್ಲ. ಆದ್ದರಿಂದ ಕೆಲಸ ಅಲ್ಲಿಂದಲೇ ಶುರುವಾಗಲಿ. ಒಂದು ವಾರದ ಹಳೆಯ ಚೀಟಿಗಳನ್ನು ಗಲ್ಲಾದಿಂದ ಕೇಳಿ ತಂದು ಎಣಿಸಿ. ಸೌತ್ ಇಂಡಿಯನ್, ಪಂಜಾಬಿ, ಚೈನೀಸ್, ಪಾವ್‌ಭಾಜಿ, ಜ್ಯೂಸ್ ಎಲ್ಲ ಸೇರಿದರೆ ಮೆನುವಿನಲ್ಲಿ 200 ದಾಟಿದ ಐಟಮ್ ಇರುವುದು ಮಾಮೂಲು. ಚೀಟಿಗಳಲ್ಲಿ ಮತ್ತೆ ಮತ್ತೆ ಬರುವವು ಮಾತ್ರ ಬೆರಳೆಣಿಕೆಯಷ್ಟು: ಇಡ್ಲಿ, ಮೆದು ವಡಾ, ಸಾದಾ, ಮಸಾಲಾ, ಮೈಸೂರು ಮಸಾಲಾ, ಉತ್ತಪ್ಪ, ಚಹಾ, ಕಾಫಿ. ಎಣಿಸುವಾಗಲೇ ಇನ್ನೊಂದು ಕೆಲಸ ಮಾಡಿ: ಕ್ಯಾಪ್ಟನ್‌ಗಳು ಗೀಚಿದ ಅಡ್ಡಹೆಸರುಗಳನ್ನೆಲ್ಲ ಬರೆದಿಟ್ಟುಕೊಳ್ಳಿ. ಅವು ಮುಂದೆ ಹುಡುಕುವ ಪೆಟ್ಟಿಗೆಗೆ ಬೇಕು. ‘ಮೈ.ಮ.’ ಎಂದು ಹಾಕಿದರೆ ಮೈಸೂರು ಮಸಾಲಾ ಬರಬೇಕು.

ಈಗ ಒಂದು ಆರ್ಡರನ್ನು ಕಾಗದದ ಮೇಲೆ ಎಣಿಸಿ ನೋಡೋಣ. ಎರಡು ಮೈಸೂರು ಮಸಾಲಾ, ಅದರಲ್ಲಿ ಒಂದು ಜೈನ್ (ಈರುಳ್ಳಿ, ಬೆಳ್ಳುಳ್ಳಿ, ಬಟಾಟೆ ಇಲ್ಲದ್ದು), ಒಂದು ಇಡ್ಲಿ, ಎರಡು ಕಾಫಿ, ಆದರೆ ಕಾಫಿ ಆಮೇಲೆ. ಮಾಮೂಲಿ ಶಾಪಿಂಗ್ ಆ್ಯಪಿನ ಮಾದರಿಯಲ್ಲಿ ಮಾಡಿದರೆ ಟೇಬಲಿಗೆ 1, ಮೊದಲ ದೋಸೆಗೆ ವಿಭಾಗ, ಐಟಮ್, ಸೇರಿಸು, ಹಿಂದಕ್ಕೆ ಎಂದು 4, ಜೈನ್ ದೋಸೆಗೆ ಇನ್ನೊಂದು ಸೇರಿ 5, ಇಡ್ಲಿಗೆ 4, ಕಾಫಿಗೆ 5, ಕೊನೆಗೆ ಕಾರ್ಟ್ ನೋಡು, ಕಳಿಸು, ‘ಖಚಿತವೇ?’ ಎಂದು 3. ಒಟ್ಟು 22 ಒತ್ತು. ‘ಕಾಫಿ ಆಮೇಲೆ’ ಎಂದು ಟೈಪ್ ಮಾಡುವುದು ಇನ್ನೂ ಬಾಕಿ. ಅದೇ ಆರ್ಡರಿಗೆ ಟೇಬಲ್ 1, ಮೈಸೂರು ಮಸಾಲಾ 2, ಒಂದನ್ನು ಜೈನ್ ಮಾಡಲು 2, ಇಡ್ಲಿ 1, ಕಾಫಿ 2, ‘ಆಮೇಲೆ’ 1, ಕಳಿಸು 1 ಎಂದರೆ 10ಕ್ಕೆ ಮುಗಿಯುತ್ತದೆ. ಮೊದಲ ಸ್ಕ್ರೀನಿನಲ್ಲೇ ಐಟಮ್‌ಗಳಿದ್ದು, ಒತ್ತಿದಷ್ಟು ಸಲ ಸಂಖ್ಯೆ ಏರುವಂತಿದ್ದರೆ ಸಾಕು.

360 ಡಿಪಿ (ಸ್ಕ್ರೀನಿನ ಮೇಲಿನ ಅಳತೆಗೆ ಆ್ಯಂಡ್ರಾಯ್ಡ್ ಬಳಸುವ ಮಾನ) ಅಗಲದ ಸಾಧಾರಣ ಆ್ಯಂಡ್ರಾಯ್ಡ್ ಫೋನಿನಲ್ಲಿ ಒಂದು ಸಾಲಿಗೆ ಮೂರರಂತೆ ನಾಲ್ಕು ಸಾಲು, 12 ಚೌಕ ಆರಾಮವಾಗಿ ಕೂರುತ್ತವೆ. ಪ್ರತಿ ಚೌಕ ಸುಮಾರು 72 ಡಿಪಿ ಎತ್ತರ ಇರಲಿ. ಆ್ಯಂಡ್ರಾಯ್ಡಿನ ಶಿಫಾರಸು ಕನಿಷ್ಠ 48 ಡಿಪಿ. ಅದು ಒಣ ಬೆರಳಿಗೆ, ನಿಂತ ಕೈಗೆ ಸರಿ. ನೀರಿನ ಲೋಟ ಇಟ್ಟು ಬಂದ ಕೈ ಬೇರೆ. ಸ್ಕ್ರೀನ್ ಮೇಲೆ ನೀರಿನ ಹನಿ ಇದ್ದರೆ ಫೋನು ಅದನ್ನೇ ಬೆರಳೆಂದು ತಿಳಿಯುವುದುಂಟು, ನಿಜವಾದ ಬೆರಳನ್ನು ಬಿಟ್ಟುಬಿಡುವುದೂ ಉಂಟು. ಹಾಗಾಗಿ ಪ್ರತಿ ಒತ್ತಿಗೂ ಸಣ್ಣದೊಂದು ಕಂಪನ, ಚೌಕದ ಮೂಲೆಯಲ್ಲಿ ದೊಡ್ಡ ಅಂಕಿ, ಕಳೆಯಲು ಅಲ್ಲೇ ಒಂದು ಮೈನಸ್. ‘ಕಳಿಸು’ ಬಟನ್ ಹೆಬ್ಬೆರಳಿಗೆ ಸಿಗುವಂತೆ ಕೆಳಗೆ, ಚೌಕಗಳಿಂದ ಕನಿಷ್ಠ 16 ಡಿಪಿ ದೂರ. ಬ್ಯಾಟರಿ ಉಳಿಸಲೆಂದು ಬ್ರೈಟ್‌ನೆಸ್ ಕಡಿಮೆ ಇಟ್ಟಿರುತ್ತಾರೆ. ಬೂದು ಹಿನ್ನೆಲೆಯ ಮೇಲೆ ಬೂದು ಅಕ್ಷರ ಕಾಣುವುದಿಲ್ಲ. ಅಕ್ಷರಕ್ಕೂ ಹಿನ್ನೆಲೆಗೂ ಕನಿಷ್ಠ 4.5:1 ಕಾಂಟ್ರಾಸ್ಟ್ (ಹೊಳಪಿನ ವ್ಯತ್ಯಾಸ) ಇರಬೇಕೆಂಬ ನಿಯಮವನ್ನು ಇಲ್ಲಿ ಸಡಿಲಿಸಲೇಬೇಡಿ.

ಈ 12 ಚೌಕಗಳ ಜಾಗ ಬದಲಾಗಬಾರದು. ‘ಹೆಚ್ಚು ಮಾರಾಟವಾದದ್ದು ತಾನಾಗಿ ಮೇಲೆ ಬರುತ್ತದೆ’ ಎಂದು ಡೆಮೋದಲ್ಲಿ ತೋರಿಸಿದರೆ ಸೇಠ್ ಖುಷಿಪಡುತ್ತಾರೆ. ನಾಲ್ಕು ದಿನದಲ್ಲಿ ಕ್ಯಾಪ್ಟನ್ನಿನ ಹೆಬ್ಬೆರಳು ಜಾಗ ಕಲಿತಿರುತ್ತದೆ, ಐದನೆಯ ದಿನ ವಡಾ ಇದ್ದಲ್ಲಿ ಇಡ್ಲಿ ಬಂದಿರುತ್ತದೆ. ಬೆಳಗಿನ ಪುಟ, ಊಟದ ಪುಟ, ಸಂಜೆಯ ಪುಟ ಎಂದು ಬೇರೆ ಬೇರೆ ಇರಲಿ, ಏಕಾದಶಿ ನವರಾತ್ರಿಗೆ ಉಪವಾಸದ ಐಟಮ್‌ಗಳ ಪುಟವೂ ಇರಲಿ. ಒಂದೊಂದು ಪುಟದೊಳಗಿನ ಕ್ರಮ ಮಾತ್ರ ಕದಲಬಾರದು. ವಡಾ ಖಾಲಿಯಾದರೆ ಅದರ ಚೌಕ ಮಸುಕಾಗಲಿ, ಮಾಯವಾಗಬಾರದು.

ಜೈನ್ ಎಂಬುದನ್ನು ‘ಸೂಚನೆ’ ಎಂಬ ಪೆಟ್ಟಿಗೆಗೆ ತಳ್ಳುವುದು ನನ್ನ ಪ್ರಕಾರ ಈ ಊರಿನಲ್ಲಿ ಅಕ್ಷಮ್ಯ. ಈರುಳ್ಳಿ, ಬೆಳ್ಳುಳ್ಳಿ, ಬಟಾಟೆ ಯಾವುದೂ ಇಲ್ಲದ, ಹೆಚ್ಚಾಗಿ ಬಾಳೆಕಾಯಿ ಹಾಕಿದ ಪಲ್ಯ ಬೇರೆಯೇ ಪಾತ್ರೆಯಲ್ಲಿರುತ್ತದೆ. ಅದು ಬೇರೆ ಐಟಮ್ಮೇ. ಚೀಟಿಯಲ್ಲಿ ಕಪ್ಪು ಪಟ್ಟಿಯ ಮೇಲೆ ಬಿಳಿ ಅಕ್ಷರದಲ್ಲಿ ಬರಬೇಕು. ‘ಆಮೇಲೆ’ ಕೂಡ ಹಾಗೆಯೇ ಒಂದು ನಿಜವಾದ ಬಟನ್ ಆಗಬೇಕು. ಒಂದು ಆರ್ಡರು ದೋಸೆ ಕಾವಲಿಗೆ, ಚೈನೀಸ್‌ಗೆ, ಜ್ಯೂಸ್-ಕಾಫಿ ಕೌಂಟರಿಗೆ ಎಂದು ಮೂರು ಚೀಟಿಯಾಗಿ ಒಡೆಯುತ್ತದೆ. ಕಾಫಿಯ ಚೀಟಿಯನ್ನು ತಡೆದಿಡದಿದ್ದರೆ ದೋಸೆಗಿಂತ ಮೊದಲೇ ಕಾಫಿ ಬಂದು ಟೇಬಲಿನಲ್ಲಿ ಆರುತ್ತದೆ.

ರಶ್ಶಿನಲ್ಲಿ ಪರಸ್ಪರ ಪರಿಚಯವಿಲ್ಲದವರು ಒಂದೇ ಟೇಬಲಿನಲ್ಲಿ ಕೂರುವುದು ಇಲ್ಲಿ ದಿನವೂ ನಡೆಯುವ ವಿಷಯ. ‘ಒಂದು ಟೇಬಲ್, ಒಂದು ಬಿಲ್’ ಎಂದು ಡೇಟಾಬೇಸ್ ಮಾಡಿಟ್ಟರೆ ಅಲ್ಲಿಗೆ ಕಥೆ ಮುಗಿಯಿತು. ಟೇಬಲ್ 7 ಒತ್ತಿ ಹಿಡಿದರೆ 7-ಎ, 7-ಬಿ ಆಗಬೇಕು. ಒಬ್ಬರು ಎದ್ದು ಫ್ಯಾನಿನ ಕೆಳಗೆ ಹೋದರೆ ಬಿಲ್ಲೂ ಅವರ ಜೊತೆ ಹೋಗಬೇಕು.

ರದ್ದು ಮಾಡುವ ವಿಚಾರದಲ್ಲಿ ಸೇಠ್ ಮತ್ತು ಕ್ಯಾಪ್ಟನ್ ನಡುವೆ ನಿಜವಾದ ಜಟಾಪಟಿ. ಸೇಠ್ ಹೇಳುವುದು, ಏನು ತೆಗೆದರೂ ಗಲ್ಲಾದ ಪಿನ್ ಬೇಕು. ಹಾಗೆ ಮಾಡಿದರೆ ಕ್ಯಾಪ್ಟನ್ ಮೊದಲು ಕಾಗದದಲ್ಲಿ ಬರೆದುಕೊಂಡು, ಗಿರಾಕಿ ತಿಂದು ಮುಗಿಸುವ ಹೊತ್ತಿಗೆ ಆ್ಯಪಿಗೆ ಹಾಕುತ್ತಾರೆ. ಆಗ ಸೇಠ್ ನೋಡುವ ಸಮಯದ ಲೆಕ್ಕವೆಲ್ಲ ಸುಳ್ಳು. ನಡುದಾರಿ ಇದೆ: ‘ಕಳಿಸು’ ಒತ್ತುವವರೆಗೆ ಏನನ್ನಾದರೂ ತೆಗೆಯಲಿ, ಯಾರೂ ಕೇಳಬಾರದು. ಕಳಿಸಿದ ಮೇಲೆ ತೆಗೆದರೆ ಅಡುಗೆಮನೆಯಲ್ಲಿ ರದ್ದು ಚೀಟಿ ಬೀಳಲಿ, ಕಾರಣಕ್ಕೆ ಮೂರೇ ಬಟನ್ ಇರಲಿ (ಗಿರಾಕಿ ಬೇಡವೆಂದರು, ತಪ್ಪು ಐಟಮ್, ಖಾಲಿ), ಯಾರು ಎಷ್ಟು ರದ್ದು ಮಾಡಿದರೆಂಬ ಪಟ್ಟಿ ರಾತ್ರಿ ಗಲ್ಲಾದಲ್ಲಿ ಕಾಣಲಿ. ಪಿನ್ ಬೇಕಿರುವುದು ಬಿಲ್ ಪ್ರಿಂಟ್ ಆದ ಮೇಲೆ ಮಾತ್ರ.

ಲಾಗಿನ್‌ಗೆ ಒಟಿಪಿ ಬೇಡವೇ ಬೇಡ. ಫೋನು ಹೋಟೆಲಿನದು, ಪಾಳಿ ಬದಲಾದರೆ ಕೈ ಬದಲಾಗುತ್ತದೆ. ಅವರ ಸ್ವಂತ ಫೋನು ರೂಮಿನಲ್ಲಿ ಚಾರ್ಜಿಗಿರುತ್ತದೆ. ಹೆಸರು ಒತ್ತಿ ನಾಲ್ಕಂಕಿ ಪಿನ್, ಅಷ್ಟೇ.

ಭಾಷೆಯ ವಿಷಯಕ್ಕೆ ಬಂದರೆ, ಕ್ಯಾಪ್ಟನ್ ಕುಂದಾಪುರದವರು, ಕಾವಲಿಯ ಮುಂದಿರುವ ಭಟ್ರು ಕಾರ್ಕಳದವರು, ವೇಟರ್ ಹುಡುಗರು ಜಾರ್ಖಂಡ್, ಒಡಿಶಾ, ನೇಪಾಳದವರು. ಆದ್ದರಿಂದ ಪ್ರತಿ ಐಟಮ್ಮಿಗೆ ಮೂರು ಹೆಸರಿನ ಜಾಗ ಬೇಕು: ಫೋನಿನಲ್ಲಿ ಕಾಣುವುದು, ಅಡುಗೆ ಚೀಟಿಯಲ್ಲಿ ಬರುವುದು, ಬಿಲ್ಲಿನಲ್ಲಿ ಬರುವುದು. ಆ್ಯಂಡ್ರಾಯ್ಡ್ 13ರಿಂದ ಒಂದೊಂದು ಆ್ಯಪಿಗೆ ಬೇರೆ ಭಾಷೆ ಇಡುವ ಸೌಲಭ್ಯ ಫೋನಿನಲ್ಲೇ ಇದೆ. ಆದರೂ ಪಿನ್ ಹಾಕಿದವರ ಭಾಷೆಗೆ ಆ್ಯಪ್ ತಾನೇ ತಿರುಗಿದರೆ ಒಳ್ಳೆಯದು. ಕನ್ನಡ ಹಾಕುವಾಗ ಚೌಕದೊಳಗಿನ ಸಾಲಿನ ಎತ್ತರವನ್ನು ಇಂಗ್ಲಿಷ್ ಅಕ್ಷರಕ್ಕೆ ಅಳೆದು ಬಿಗಿಯಬೇಡಿ, ‘ಉತ್ತಪ್ಪ’ದ ಒತ್ತುಗಳು ಕೆಳಗೆ ಕತ್ತರಿಸಿಹೋಗುತ್ತವೆ. ಸಾಲಿನ ಎತ್ತರ ಅಕ್ಷರದ ಒಂದೂವರೆ ಪಟ್ಟು ಇರಲಿ. ವಯಸ್ಸಾದ ಕ್ಯಾಪ್ಟನ್‌ಗಳು ಫಾಂಟ್ ದೊಡ್ಡದು ಮಾಡಿಕೊಂಡಿರುತ್ತಾರೆ. ಆ್ಯಂಡ್ರಾಯ್ಡ್ 14ರಲ್ಲಿ ಅದು 200 ಶೇಕಡದವರೆಗೆ ಹೋಗುತ್ತದೆ. ಅಲ್ಲಿಯವರೆಗೂ ಹಾಕಿ ನೋಡಿ.

ಚೀಟಿ ಪ್ರಿಂಟರಿನಲ್ಲಿ ಕನ್ನಡ ಬೇಕೆಂದರೆ ಇನ್ನೊಂದು ತೊಡಕು. ಮಾರುಕಟ್ಟೆಯ ಹೆಚ್ಚಿನ ಥರ್ಮಲ್ ಪ್ರಿಂಟರುಗಳೊಳಗೆ ಕನ್ನಡ ಫಾಂಟ್ ಇರುವುದಿಲ್ಲ. ಅಕ್ಷರವಾಗಿ ಕಳಿಸಿದರೆ ಪ್ರಶ್ನಾರ್ಥಕ ಚಿಹ್ನೆಯೋ ಕಸವೋ ಬರುತ್ತದೆ. ಫೋನಿನಲ್ಲೇ ಚೀಟಿಯನ್ನು ಚಿತ್ರವಾಗಿ ಬಿಡಿಸಿ ಕಳಿಸಬೇಕು: 80 ಮಿಮೀ ಕಾಗದಕ್ಕೆ ಸಾಮಾನ್ಯವಾಗಿ 576 ಚುಕ್ಕೆ ಅಗಲ, 58 ಮಿಮೀಗೆ 384. ಮೊದಲು ಸಂಖ್ಯೆ, ಆಮೇಲೆ ಹೆಸರು. ಥರ್ಮಲ್ ಕಾಗದ ಬಿಸಿಗೇ ಕಪ್ಪಾಗುವಂಥದ್ದು, ಕಾವಲಿಯ ಪಕ್ಕ ಸಿಕ್ಕಿಸಿದರೆ ದೋಸೆ ಬೇಯುವುದರೊಳಗೆ ಚೀಟಿ ಓದಲು ಬಾರದಂತಾಗುತ್ತದೆ. ಚೀಟಿ ಸಿಕ್ಕಿಸುವ ಪಟ್ಟಿಯನ್ನು ಒಲೆಯಿಂದ ದೂರ ಹಾಕಿಸಿ. ಜಾಗವಿಲ್ಲದಿದ್ದರೆ ರಿಬ್ಬನ್ ಇರುವ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರೇ ಗತಿ, ಸದ್ದು ಜಾಸ್ತಿ, ನಿಧಾನ.

‘ಇಂಟರ್ನೆಟ್ ಹೋಯಿತು, ಪ್ರಿಂಟರ್ ಕೂಡ ನಿಂತಿತು’ ಎಂಬ ದೂರು ಬಂದೇ ಬರುತ್ತದೆ. ಪ್ರಿಂಟರ್ ಇರುವುದು ಹೋಟೆಲಿನ ವೈಫೈಯಲ್ಲಿ, ಅದಕ್ಕೆ ಹೊರಗಿನ ನೆಟ್ ಯಾಕೆ ಬೇಕು? ಕಾರಣ ಫೋನಿನಲ್ಲಿದೆ. ವೈಫೈಯಲ್ಲಿ ಇಂಟರ್ನೆಟ್ ಇಲ್ಲವೆಂದು ಗೊತ್ತಾದ ಕೂಡಲೇ ಆ್ಯಂಡ್ರಾಯ್ಡ್ ತನ್ನ ಸಂಪರ್ಕವನ್ನು ಸಿಮ್ಮಿನ ಡೇಟಾಕ್ಕೆ ತಿರುಗಿಸುತ್ತದೆ. ಆ ದಾರಿಯಲ್ಲಿ ಪ್ರಿಂಟರ್ ಸಿಗುವುದಿಲ್ಲ. ಪ್ರಿಂಟಿನ ಸಂಪರ್ಕವನ್ನು ವೈಫೈಗೇ ಕಟ್ಟಿಹಾಕುವಂತೆ ಕೋಡ್ ಬರೆಯಬೇಕು, ಅಥವಾ ಆ ಫೋನುಗಳಲ್ಲಿ ಸಿಮ್ಮೇ ಇಡಬಾರದು. ಪ್ರಿಂಟರಿಗೆ ರೌಟರಿನಲ್ಲಿ ಸ್ಥಿರ ಐಪಿ (ನೆಟ್‌ವರ್ಕಿನಲ್ಲಿ ಬದಲಾಗದ ವಿಳಾಸ) ಕೊಡಿಸಿ, ಇಲ್ಲವಾದರೆ ಕರೆಂಟ್ ಹೋಗಿ ಬಂದ ಮೇಲೆ ವಿಳಾಸ ಬದಲಾಗಬಹುದು. ಆರ್ಡರು ಮೊದಲು ಫೋನಿನಲ್ಲೇ ಉಳಿಯಬೇಕು, ಪ್ರತಿಯೊಂದಕ್ಕೂ ಫೋನೇ ಒಂದು ವಿಶಿಷ್ಟ ಗುರುತು ಕೊಟ್ಟಿರಬೇಕು. ಉತ್ತರ ಬರಲಿಲ್ಲವೆಂದು ಎರಡನೇ ಸಲ ಕಳಿಸಿದಾಗ ಸರ್ವರ್ ಆ ಗುರುತು ನೋಡಿ ‘ಇದು ಬಂದಾಗಿದೆ’ ಎನ್ನಬೇಕು. ಇದಿಲ್ಲದ ಆ್ಯಪಿನಲ್ಲಿ ಒಂದೇ ಟೇಬಲಿಗೆ ನಾಲ್ಕು ಮಸಾಲಾ ದೋಸೆ ಹೋಗುತ್ತದೆ. ಪ್ರಿಂಟರಿನಲ್ಲಿ ಕಾಗದ ಮುಗಿದದ್ದು ಕ್ಯಾಪ್ಟನ್ನಿನ ಫೋನಿಗೂ ತಿಳಿಯಬೇಕು.

ಬಿಲ್ಲಿನ ಲೆಕ್ಕ ಸುಲಭದ ಭಾಗ: ಇಂಥ ಹೋಟೆಲಿಗೆ ಸಾಮಾನ್ಯವಾಗಿ 5 ಶೇಕಡ ಜಿಎಸ್‌ಟಿ, ಕೇಂದ್ರಕ್ಕೆ 2.5, ರಾಜ್ಯಕ್ಕೆ 2.5 ಎಂದು ಒಡೆದು ತೋರಿಸಿ, ರೌಂಡ್ ಮಾಡುವುದನ್ನು ಒಟ್ಟು ಮೊತ್ತಕ್ಕೆ ಮಾತ್ರ ಮಾಡಿ. ಯುಪಿಐ ಕ್ಯೂಆರ್‌ನಲ್ಲಿ ಮೊತ್ತ ಮೊದಲೇ ತುಂಬಿರಲಿ, ಹಣ ಬಂತೋ ಇಲ್ಲವೋ ಎಂಬ ತೀರ್ಪನ್ನು ಗಿರಾಕಿಯ ಸ್ಕ್ರೀನ್ ನೋಡಿ ಕ್ಯಾಪ್ಟನ್ ಕೊಡುವಂತಾಗಬಾರದು.

ಪರೀಕ್ಷೆಗೆ ಸಂಜೆ ನಾಲ್ಕರ ಖಾಲಿ ಹೊತ್ತು ಆರಿಸಿಕೊಂಡರೆ ಎಲ್ಲವೂ ಚೆನ್ನಾಗಿ ನಡೆಯುತ್ತದೆ, ಏನೂ ತಿಳಿಯುವುದಿಲ್ಲ. ಐದು ಜನ ಸಾಕು, ಆದರೆ ಹೊತ್ತು ಮಧ್ಯಾಹ್ನ ಒಂದು ಗಂಟೆಯ ರಶ್ಶಿನದಾಗಿರಲಿ. ನೀವು ಪಕ್ಕದಲ್ಲಿ ನಿಂತು ಹೇಳಿಕೊಡಬೇಡಿ; ಬೆರಳು ಎಲ್ಲಿ ತಡೆಯುತ್ತದೆ, ಯಾವಾಗ ಕೈ ಜೇಬಿನ ಪ್ಯಾಡಿಗೆ ಹೋಗುತ್ತದೆ ಎಂಬುದನ್ನಷ್ಟೇ ಬರೆದುಕೊಳ್ಳಿ. ‘ಹೇಗಿದೆ ಅಣ್ಣ?’ ಎಂದು ಕೇಳಿದರೆ ‘ಚಲೋ ಇದೆ’ ಎಂದೇ ಹೇಳುತ್ತಾರೆ, ಸೇಠ್ ಅಲ್ಲೇ ಕೂತಿರುತ್ತಾರಲ್ಲ.

ಪ್ಯಾಡನ್ನು ಪೂರ್ತಿ ಕಿತ್ತುಕೊಳ್ಳಬೇಡಿ. ರೌಟರ್ ಸತ್ತ ದಿನ ಅದೇ ಬೇಕು. ಆ ದಿನ ಬರೆದ ಚೀಟಿಗಳನ್ನು ಆಮೇಲೆ ಗಲ್ಲಾದಿಂದ ಸೇರಿಸಲು ಒಂದು ಬೇರೆ ಸ್ಕ್ರೀನ್ ಮಾಡಿಕೊಡಿ: ಟೇಬಲ್, ಐಟಮ್, ಬರೆದ ಸಮಯ. ಅಲ್ಲಿಂದ ಅಡುಗೆಮನೆಗೆ ಚೀಟಿ ಹೋಗದಂತೆ ನೋಡಿಕೊಳ್ಳಿ, ಇಲ್ಲವಾದರೆ ಮಧ್ಯಾಹ್ನ ತಿಂದು ಹೋದವರ ದೋಸೆಗಳನ್ನೆಲ್ಲ ಭಟ್ರು ಸಂಜೆ ಐದಕ್ಕೆ ಮತ್ತೆ ಹುಯ್ಯಲು ಶುರುಮಾಡುತ್ತಾರೆ.