65 ಮಿಲಿಲೀಟರು ಹಾಲು

ಉಡುಪಿಯ ಮಕ್ಕಳ ವಾರ್ಡೊಂದರಲ್ಲಿ ದಾದಿಯಾಗಿ ಹಲವು ವರ್ಷ ಕಳೆದರೂ, ಹಸಿದು ಸೊರಗಿದ ಕೂಸಿನ ತಾಯಿಗೆ "ಸದ್ಯಕ್ಕೆ ಇಷ್ಟೇ ಹಾಲು" ಎಂದು ಹೇಳುವಾಗ ಇಂದಿಗೂ ನನ್ನ ಗಂಟಲು ಕಟ್ಟುತ್ತದೆ.

ಕಳೆದ ಆಟಿಯ ಮಳೆಯಲ್ಲಿ, ಮಣಿಪಾಲದ ಕಡೆಯ ಕಟ್ಟಡ ಕೆಲಸದ ಶೆಡ್ಡಿನಿಂದ ಗದಗ ಸೀಮೆಯ ತಾಯಿಯೊಬ್ಬರು ತಮ್ಮ 14 ತಿಂಗಳ ಹೆಣ್ಣುಮಗುವನ್ನು ಎತ್ತಿಕೊಂಡು ಬಂದರು. ಅಂಗನವಾಡಿ ಕಾರ್ಯಕರ್ತೆ ತೋಳಿಗೆ ಸುತ್ತಿದ ಅಳತೆ ಪಟ್ಟಿ 11 ಸೆಂಟಿಮೀಟರ್ ತೋರಿಸಿತ್ತು. 6 ತಿಂಗಳಿನಿಂದ 5 ವರ್ಷದೊಳಗಿನ ಮಗುವಿನ ತೋಳು 11.5 ಸೆಂಟಿಮೀಟರಿಗಿಂತ ಸಣ್ಣದಿದ್ದರೆ ಪಟ್ಟಿಯ ಕೆಂಪು ಭಾಗಕ್ಕೆ ಬರುತ್ತದೆ. ಅದು ತೀವ್ರ ಅಪೌಷ್ಟಿಕತೆ. ಜೊತೆಗೆ, ಎರಡೂ ಪಾದಗಳ ಮೇಲೆ ಹೆಬ್ಬೆರಳು ಒತ್ತಿ ತೆಗೆದರೆ ಗುಳಿ ಹಾಗೆಯೇ ಉಳಿಯುತ್ತಿತ್ತು.

ಮಗುವಿನ ತೂಕ 6 ಕಿಲೋ. ಆ ತೂಕಕ್ಕೆ ಎರಡು ಗಂಟೆಗೊಮ್ಮೆ 65 ಮಿಲಿಲೀಟರು ಎಫ್-75 ಹಾಲು, ರಾತ್ರಿಯೂ ಸೇರಿ ದಿನಕ್ಕೆ 12 ಸಲ. 100 ಮಿಲಿಲೀಟರಿಗೆ 75 ಕ್ಯಾಲೊರಿ ಇರುವುದರಿಂದ ಈ ಹೆಸರು. ಹಾಲು, ಸಕ್ಕರೆ, ಎಣ್ಣೆ, ಮಂಡಕ್ಕಿ ಹುಡಿ ಸೇರಿಸಿ ವಾರ್ಡಿನ ಅಡುಗೆಕೋಣೆಯಲ್ಲೇ ಇದನ್ನು ತಯಾರಿಸುತ್ತೇವೆ. ಲೋಟದಲ್ಲಿ ಅಷ್ಟು ಹಾಲು ತಳದಲ್ಲೇ ಉಳಿದಂತೆ ಕಾಣುತ್ತದೆ. ಜೊತೆಗಿದ್ದ ಅಜ್ಜಿ ಅದನ್ನು ನೋಡಿ, "ಇಷ್ಟ ಕೊಟ್ರ ಕೂಸು ಹೆಂಗ ಬದುಕತೈತಿ ಸಿಸ್ಟರ? ಒಂದೀಟು ಅನ್ನ ಹಾಲು ಕಲಸಿ ತಿನಸೂಣ್ರಿ" ಎಂದರು. ಅವರು ಕೇಳಿದ್ದರಲ್ಲಿ ತಪ್ಪೇನಿತ್ತು! ಆದರೆ ತಿಂಗಳುಗಟ್ಟಲೆ ಅರೆಹೊಟ್ಟೆಯಲ್ಲಿದ್ದ ದೇಹ ಹೃದಯ, ಕರುಳು, ಮೂತ್ರಪಿಂಡಗಳ ಕೆಲಸವನ್ನೆಲ್ಲ ತಗ್ಗಿಸಿಕೊಂಡು ಜೀವ ಹಿಡಿದಿರುತ್ತದೆ. ಒಮ್ಮೆಲೇ ಹೊಟ್ಟೆ ತುಂಬಿಸಿದರೆ ರಕ್ತದಲ್ಲಿರುವ ಪೊಟ್ಯಾಸಿಯಂ, ಫಾಸ್ಫೇಟ್ ಜೀವಕೋಶಗಳೊಳಕ್ಕೆ ನುಗ್ಗಿ, ರಕ್ತದಲ್ಲಿ ಅವುಗಳ ಮಟ್ಟ ಕುಸಿದು, ಹೃದಯವೇ ಸೋಲಬಹುದು. ಅಜ್ಜಿ ತಂದಿದ್ದ ಕಬ್ಬಿಣದ ಟಾನಿಕ್ಕನ್ನೂ ಆ ಹಂತದಲ್ಲಿ ಕೊಡುವಂತಿಲ್ಲ. ಸೋಂಕು ಉಲ್ಬಣಿಸುವ ಅಪಾಯವಿರುತ್ತದೆ.

ಮೂರನೆಯ ದಿನ ತೂಕ 5.6 ಕಿಲೋಗೆ ಇಳಿಯಿತು. ತಾಯಿ ತಕ್ಕಡಿಯ ಪಕ್ಕದಲ್ಲೇ ಅತ್ತರು. ನಾನು ಅವರ ಕೈಹಿಡಿದು ಮಗುವಿನ ಪಾದದ ಮೇಲೆ ಅವರದೇ ಹೆಬ್ಬೆರಳನ್ನು ಒತ್ತಿಸಿದೆ. ಗುಳಿ ಬೀಳಲಿಲ್ಲ. ಇಳಿದದ್ದು ಮೈಯಲ್ಲಿ ನಿಂತಿದ್ದ ನೀರು, ಮಗುವಲ್ಲ ಎಂಬುದನ್ನು ಹೇಳಲು ನನಗೆ ಅದಕ್ಕಿಂತ ಒಳ್ಳೆಯ ದಾರಿ ಗೊತ್ತಿಲ್ಲ. ಮರುದಿನ ಮಗು ಲೋಟವನ್ನು ಎರಡೂ ಕೈಗಳಿಂದ ತನ್ನತ್ತ ಎಳೆದುಕೊಂಡಿತು. ಹಸಿವು ಮರಳಿದ ಮೇಲೆಯೇ 100 ಮಿಲಿಲೀಟರಿಗೆ 100 ಕ್ಯಾಲೊರಿ ಇರುವ ಎಫ್-100 ಹಾಲಿಗೆ ಹೋಗುವುದು, ಅದನ್ನೂ ಹಂತಹಂತವಾಗಿ ಏರಿಸುವುದು.

ಇದೇ ಎಫ್-100ರ ಹಾಲಿನ ಪುಡಿಯ ಒಂದು ಭಾಗದ ಬದಲಿಗೆ ನೆಲಕಡಲೆಯ ಪೇಸ್ಟ್ ಬಳಸಿ, 1996ರಲ್ಲಿ ಫ್ರಾನ್ಸಿನ ವೈದ್ಯ ಆಂದ್ರೆ ಬ್ರಿಯಾಂ ಮತ್ತು ನ್ಯೂಟ್ರಿಸೆಟ್ ಕಂಪೆನಿಯ ಮಿಷೆಲ್ ಲೆಸ್ಕಾನ್ ಅವರು ಪ್ಲಂಪಿನಟ್ ಎಂಬ, ಪೊಟ್ಟಣದಿಂದಲೇ ತಿನ್ನಿಸಬಹುದಾದ ಪೇಸ್ಟನ್ನು ತಯಾರಿಸಿದರು. 92 ಗ್ರಾಂ ಪೊಟ್ಟಣದಲ್ಲಿ 500 ಕ್ಯಾಲೊರಿ. ಅದರಲ್ಲಿ ನೀರಿನಂಶ ಬಹಳ ಕಡಿಮೆಯಾದ್ದರಿಂದ ರೋಗಾಣು ಸುಲಭವಾಗಿ ಬೆಳೆಯುವುದಿಲ್ಲ; ಬೇಯಿಸುವ, ಕಲಸುವ ಗೋಜಿಲ್ಲ. ಹಸಿವು ಚೆನ್ನಾಗಿದ್ದು ಬೇರೆ ತೊಡಕಿಲ್ಲದ ಮಕ್ಕಳನ್ನು ಮನೆಯಲ್ಲೇ ಉಪಚರಿಸಬಹುದು ಎಂದು ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ 2007ರಲ್ಲಿ ಜಂಟಿಯಾಗಿ ಹೇಳಿದ್ದಕ್ಕೆ ಇಂಥ ಪೇಸ್ಟೇ ಆಧಾರ. ಕೂಲಿ ಬಿಟ್ಟು ವಾರಗಟ್ಟಲೆ ಮಂಚದ ಪಕ್ಕ ಕೂರಲಾಗದ ತಾಯಂದಿರಿಗೆ ಅದು ಎಷ್ಟು ದೊಡ್ಡ ಆಸರೆಯಾಗಬಲ್ಲದು ಎಂದು ನನಗೆ ದಿನವೂ ಅನಿಸುತ್ತದೆ. ಕಾರ್ಖಾನೆಯ ಪೊಟ್ಟಣ ಮನೆಯಡುಗೆಯನ್ನು ಹೊರದೂಡೀತು ಎಂಬ ಆತಂಕ ನನಗೆ ಅರ್ಥವಾಗುತ್ತದೆ. ಆದರೂ ಕೆಲವು ವಾರಗಳ ಮಟ್ಟಿಗೆ ಅದನ್ನು ಔಷಧಿಯೆಂದೇ ನೋಡಬೇಕೆಂಬುದು ನನ್ನ ಅಭಿಪ್ರಾಯ.

ನಮ್ಮ ವಾರ್ಡಿನಲ್ಲಿ ಆ ಪೊಟ್ಟಣವಿಲ್ಲ. ನಾನು ನೆಲಕಡಲೆ ಎಂದಾಗ ತಾಯಿ "ಶೇಂಗಾನ್ರಿ? ನಮ್ಮ ಹೊಲದಾಗ ಬೆಳೀತಿದ್ವಿ" ಎಂದು ಮೊದಲ ಬಾರಿ ನಕ್ಕರು. ಬರೀ ಶೇಂಗಾ ಹುಡಿಯೇ ಚಿಕಿತ್ಸೆಯಾಗದು, ಪೇಸ್ಟಿನಲ್ಲಿ ಹಾಲಿನ ಪುಡಿ, ಖನಿಜ, ವಿಟಮಿನ್ನುಗಳು ಅಳೆದು ಸೇರಿರುತ್ತವೆ ಎಂದು ವಿವರಿಸಿದೆ. ಮನೆಗೆ ಹೊರಡುವಾಗ ಗಂಜಿಗೆ ಎಣ್ಣೆ, ಬೆಲ್ಲ, ಹುರಿದ ಶೇಂಗಾದ ನುಣ್ಣನೆಯ ಹುಡಿ, ದಿನಕ್ಕೊಂದು ಮೊಟ್ಟೆ ಎಂದು ಬರೆದುಕೊಟ್ಟು, ಒಂದು ಅಳತೆ ಪಟ್ಟಿಯನ್ನೂ ಕೈಗಿತ್ತು ಸುತ್ತುವುದನ್ನು ಕಲಿಸಿದೆ.

ಕಳೆದ ವಾರ ಅವರು ಫೋನ್ ಮಾಡಿದ್ದರು. ಪಟ್ಟಿ ಈಗ 12.1 ತೋರಿಸುತ್ತಿದೆ, ಇನ್ನೂ ಹಳದಿ, ಹಸಿರಿಗೆ 12.5 ದಾಟಬೇಕು. ಸೋಮವಾರ ಕರೆದುಕೊಂಡು ಬರುತ್ತಾರೆ.